ಊರಿನ ಹೆಸರನ್ನೇ ಮನೆತನ ಮಾಡಿಕೊಂಡವರು

ಶಾಂತಾ ಹುಬ್ಳಿಕರ್ ಎಂಬ ಹೆಸರನ್ನು ಬಿಡಿಸಿ ನೋಡಿದರೆ ಅದರೊಳಗೆ ಮೂರು ಪದರಗಳಿವೆ. ‘ಶಾಂತಾ’ ಎಂಬುದು ಬಣ್ಣದ ಬದುಕು ಕೊಟ್ಟ ಹೆಸರು. ಹುಟ್ಟಿನೊಡನೆ ಬಂದದ್ದು ರಾಜಮ್ಮ. ‘ಹುಬ್ಳಿ’ ಕನ್ನಡ ನಾಡಿನ ಒಂದು ಊರು. ‘ಕರ್’ ಮರಾಠಿಯ ಪ್ರತ್ಯಯ. ಇಂಥ ಊರಿನವರು ಎಂದು ಸೂಚಿಸಲು ಮರಾಠಿಗರು ಊರಿನ ಹೆಸರಿಗೆ ಹಚ್ಚುವ ಬಾಲ. ಕನ್ನಡದ ಊರು ಮರಾಠಿಯ ಬಾಲದೊಡನೆ ಸೇರಿ ಒಬ್ಬ ಅಭಿನೇತ್ರಿಯ ಅಡ್ಡಹೆಸರಾಗಿ, 1939ರಲ್ಲಿ ಪುಣೆಯ ಪ್ರಭಾತ್ ಫಿಲ್ಮ್ ಕಂಪನಿಯ ‘ಮಾಣೂಸ್’ ಚಿತ್ರದೊಂದಿಗೆ ಮಹಾರಾಷ್ಟ್ರದ ಮನೆಮಾತಾಯಿತು. ಅದೇ ಚಿತ್ರದ ಹಿಂದಿ ರೂಪವಾದ ‘ಆದ್ಮಿ’ಯ ಮೂಲಕ ದೇಶದ ಉದ್ದಗಲಕ್ಕೂ ಹೋಯಿತು. ಆದರೆ ಯಾವ ನಾಡಿನ ಊರು ಆ ಹೆಸರಿನಲ್ಲಿ ಇತ್ತೋ ಆ ನಾಡಿನ ನೆನಪಿನಲ್ಲಿ ಆಕೆಗೆ ಸಿಕ್ಕ ಜಾಗ ಬಲು ಕಿರಿದು.

ಪುಣೆಯ ವಿಮಾನ ನಗರದಲ್ಲಿ ನೆಲೆಸಿರುವ ನಮ್ಮಂಥ ಕನ್ನಡಿಗರಿಗೆ ಈ ಕಥೆ ದೂರದ್ದಲ್ಲ. ಲೋಹಗಾಂವ್ ವಿಮಾನ ನಿಲ್ದಾಣದ ಮಗ್ಗುಲಲ್ಲಿ ಬೆಳೆದ ನಮ್ಮ ಬಡಾವಣೆ ಹೊಸದು. ಇಲ್ಲಿಯ ಬಹುಪಾಲು ಕನ್ನಡ ಮನೆಗಳೂ ಹೊಸವು. ಹಾಗಾಗಿ ಪುಣೆಗೂ ಕನ್ನಡಕ್ಕೂ ಇರುವ ನಂಟು ನಮ್ಮೊಡನೆಯೇ, ಕಂಪ್ಯೂಟರ್ ಕಂಪನಿಗಳ ನೌಕರಿಯೊಡನೆಯೇ ಆರಂಭವಾಯಿತೆಂದು ನಾವು ಅರಿಯದೆಯೇ ನಂಬಿಬಿಟ್ಟಿರುತ್ತೇವೆ. ಆದರೆ ಪಕ್ಕದ ರಾಮವಾಡಿ ನಿಲ್ದಾಣದಲ್ಲಿ ಮೆಟ್ರೋ ಹತ್ತಿದರೆ ಮುಳಾ-ಮುಠಾ ನದಿಯನ್ನು ದಾಟಿ ಅದು ನಮ್ಮನ್ನು ಒಯ್ಯುವುದು ಬೇರೊಂದು ಪುಣೆಗೆ. ಛತ್ರಪತಿ ಸಂಭಾಜಿ ಉದ್ಯಾನದಲ್ಲಿ ಇಳಿದರೆ ಬಾಲಗಂಧರ್ವ ರಂಗಮಂದಿರ. ಮುಂದೆ ಡೆಕ್ಕನ್ ಜಿಮ್ಖಾನಾದಲ್ಲಿ ಇಳಿದು ಪಶ್ಚಿಮಕ್ಕೆ ಸಾಗಿದರೆ ಪ್ರಭಾತ್ ರಸ್ತೆ. ಆ ರಸ್ತೆಗೆ ಹೆಸರು ಕೊಟ್ಟ ಸ್ಟುಡಿಯೋದ ಅಂಗಳದಲ್ಲಿ ಇಂದು ಭಾರತೀಯ ಚಲನಚಿತ್ರ ಮತ್ತು ದೂರದರ್ಶನ ಸಂಸ್ಥೆ ಇದೆ. ಈ ಎರಡು ತಾಣಗಳ ಚರಿತ್ರೆಯಲ್ಲಿಯೂ ಕನ್ನಡ ನಾಡಿನಿಂದ ಬಂದ ಹೆಣ್ಣುಮಕ್ಕಳ ಹೆಜ್ಜೆಗಳಿವೆ. ಅವುಗಳನ್ನು ಗುರುತಿಸುವುದು ಈ ಲೇಖನದ ಉದ್ದೇಶ.

ಮೊದಲು ಕಾಲದ ಭೂಪಟವನ್ನು ಕಣ್ಣೆದುರು ತಂದುಕೊಳ್ಳಬೇಕು. 1956ರವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಹುಬ್ಬಳ್ಳಿಯವರಿಗೆ ಪುಣೆ ಪರರಾಜ್ಯವಾಗಿರಲಿಲ್ಲ, ಮೈಸೂರೇ ಪರರಾಜ್ಯವಾಗಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ದಕ್ಷಿಣ ಮರಾಠಾ ರೈಲ್ವೆ ಹಾಕಿದ ಹಳಿಗಳು ಹುಬ್ಬಳ್ಳಿ, ಬೆಳಗಾವಿ, ಮೀರಜ, ಪುಣೆಗಳನ್ನು ಒಂದೇ ದಾರದಲ್ಲಿ ಪೋಣಿಸಿದವು. ಆ ಹಳಿಗಳ ಮೇಲೆ ಹತ್ತಿ, ಅಂಚೆ, ಅಧಿಕಾರಿಗಳು ಓಡಾಡಿದಂತೆಯೇ ನಾಟಕ ಮಂಡಳಿಗಳೂ ಗವಾಯಿಗಳೂ ಓಡಾಡಿದರು. ಇಂದು ನಾವು ರಾತ್ರಿಯ ಬಸ್ಸಿನಲ್ಲಿ ಊರಿಗೆ ಹೋಗಿಬರುವ ದಾರಿ ಬಹಳ ಮಟ್ಟಿಗೆ ಅವರು ಸವೆಸಿದ ದಾರಿಯೇ.

ಈ ಓಡಾಟ ಎಂದೂ ಏಕಮುಖವಾಗಿರಲಿಲ್ಲ. 1843ರಲ್ಲಿ ಸಾಂಗಲಿಯಲ್ಲಿ ವಿಷ್ಣುದಾಸ ಭಾವೆಯವರು ‘ಸೀತಾಸ್ವಯಂವರ’ವನ್ನು ಆಡಿಸಿ ಮರಾಠಿ ರಂಗಭೂಮಿಗೆ ನಾಂದಿ ಹಾಡಿದರು. ಅವರ ಮುಂದಿದ್ದ ಮಾದರಿ ಉತ್ತರ ಕನ್ನಡದ ಕರ್ಕಿಯಿಂದ ಬಂದಿದ್ದ ಕನ್ನಡ ಭಾಗವತರ ಆಟ. 1880ರಲ್ಲಿ ಪುಣೆಯಲ್ಲಿ ‘ಸಂಗೀತ ಶಾಕುಂತಲ’ವನ್ನು ರಂಗಕ್ಕೆ ತಂದು ಮರಾಠಿ ಸಂಗೀತ ನಾಟಕದ ಯುಗವನ್ನೇ ತೆರೆದ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. ಎರಡು ನುಡಿಗಳ ರಂಗಭೂಮಿಗಳು ಒಂದರ ಬಾವಿಯಿಂದ ಇನ್ನೊಂದು ನೀರು ಸೇದಿಕೊಂಡೇ ಬೆಳೆದವು. ಆ ಕಾಲದ ಕಲಾವಿದೆಯೊಬ್ಬಳು ಕನ್ನಡದ ಕಂಪನಿಯಿಂದ ಮರಾಠಿಯ ಕಂಪನಿಗೆ ಹೋಗುವುದು ಒಂದು ಓಣಿಯಿಂದ ಇನ್ನೊಂದು ಓಣಿಗೆ ಹೋದಷ್ಟೇ ಸಹಜವಾಗಿತ್ತು.

ಚಲನಚಿತ್ರವೂ ಈ ದಾರಿಯನ್ನೇ ಹಿಡಿಯಿತು. ಪ್ರಭಾತ್ ಕಂಪನಿಯ ನಿರ್ದೇಶಕ ವಿ. ಶಾಂತಾರಾಮರು ಕೊಲ್ಹಾಪುರದವರು. ಎಳೆಯ ವಯಸ್ಸಿನಲ್ಲಿ ಅವರು ಹುಬ್ಬಳ್ಳಿಯಲ್ಲಿದ್ದು ರೈಲ್ವೆ ಕಾರ್ಖಾನೆಯಲ್ಲಿ ದುಡಿದರು. ಅಲ್ಲಿಯ ಚಿತ್ರಮಂದಿರವೊಂದರಲ್ಲಿ ಸಣ್ಣಪುಟ್ಟ ಕೆಲಸ ಮಾಡುತ್ತ ಮೂಕಿ ಚಿತ್ರಗಳನ್ನು ನೋಡಿ ಆ ಮೋಡಿಗೆ ಸಿಲುಕಿದರು. 1929ರಲ್ಲಿ ದಾಮ್ಲೆ, ಫತ್ತೇಲಾಲ್, ಧಾಯ್ಬರ್, ಕುಲಕರ್ಣಿ ಇವರೊಡನೆ ಕೂಡಿ ಅವರು ಕೊಲ್ಹಾಪುರದಲ್ಲಿ ಪ್ರಭಾತ್ ಕಂಪನಿಯನ್ನು ಕಟ್ಟಿದರು. 1933ರಲ್ಲಿ ಅದು ಪುಣೆಗೆ ಬಂತು. ಇತ್ತ ಕನ್ನಡದ ಮೊದಲ ವಾಕ್ಚಿತ್ರವೆಂದು ನಾವು ನೆನೆಯುವ ‘ಸತಿ ಸುಲೋಚನಾ’ 1934ರಲ್ಲಿ ತೆರೆಕಂಡಿತಷ್ಟೆ. ಅದರ ಚಿತ್ರೀಕರಣ ನಡೆದದ್ದು ಕೊಲ್ಹಾಪುರದ ಛತ್ರಪತಿ ಸಿನಿಟೋನ್ ಸ್ಟುಡಿಯೋದಲ್ಲಿ. ಮರಾಠಿ ಚಿತ್ರದ ದಿಗ್ಗಜರೊಬ್ಬರು ಸಿನಿಮಾದ ರುಚಿ ಕಂಡದ್ದು ಕನ್ನಡದ ಊರಿನಲ್ಲಿ. ಕನ್ನಡದ ಮೊದಲ ಮಾತಿನ ಚಿತ್ರ ರೂಪುಗೊಂಡದ್ದು ಮರಾಠಿಯ ಊರಿನಲ್ಲಿ.

ಈ ನೆಲದಲ್ಲಿ, ಹುಬ್ಬಳ್ಳಿಗೆ ಹತ್ತಿರದ ಅದರಗುಂಚಿ ಎಂಬ ಹಳ್ಳಿಯಲ್ಲಿ, 1914ರ ಏಪ್ರಿಲ್ 14ರಂದು ರಾಜಮ್ಮ ಹುಟ್ಟಿದರು. ತಂದೆತಾಯಿಯರನ್ನು ಎಳವೆಯಲ್ಲಿಯೇ ಕಳೆದುಕೊಂಡು ಬಂಧುಗಳ ಆಸರೆಯಲ್ಲಿ, ಬಡತನದಲ್ಲಿ ಬೆಳೆದರು. ದೈವ ಕೊಟ್ಟದ್ದು ಕಂಠವೊಂದೇ. ಆ ಕಂಠದ ಬಲದಿಂದ ವೃತ್ತಿ ನಾಟಕ ಮಂಡಳಿಯನ್ನು ಸೇರಿದರು. ಅಲ್ಲಿಂದ ಕೊಲ್ಹಾಪುರದ ಚಿತ್ರರಂಗಕ್ಕೆ, ಅಲ್ಲಿಂದ ಪುಣೆಯ ಪ್ರಭಾತ್‌ಗೆ ಬಂದರು. 1938ರಲ್ಲಿ ‘ಮಾಝಾ ಮುಲ್ಗಾ’ದಲ್ಲಿ ನಟಿಸಿದರು; ಮರುವರ್ಷ ‘ಮಾಣೂಸ್’ ಬಂತು. ಹುಟ್ಟಿದ್ದು ಅದರಗುಂಚಿಯಲ್ಲಾದರೂ ಆಕೆ ಹೊತ್ತದ್ದು ಹುಬ್ಬಳ್ಳಿಯ ಹೆಸರನ್ನು. ಹಳ್ಳಿಯ ಹೆಸರು ಹೇಳಿದರೆ ಪುಣೆಯಲ್ಲಿ ಯಾರಿಗೂ ತಿಳಿಯದು. ಹುಬ್ಬಳ್ಳಿಯಾದರೆ ರೈಲಿನ ಹಲಗೆಯ ಮೇಲೆಯೇ ಬರೆದಿರುತ್ತದೆ. ನಮ್ಮಲ್ಲಿ ಎಷ್ಟೋ ಮಂದಿ ಇಂದಿಗೂ ನೆರೆಯವರಿಗೆ ನಮ್ಮ ಹಳ್ಳಿಯನ್ನು ಬಿಟ್ಟು ಹತ್ತಿರದ ದೊಡ್ಡ ಊರನ್ನೇ ಹೇಳುವುದಿಲ್ಲವೆ?

‘ಮಾಣೂಸ್’ ಚಿತ್ರದ ಕಥೆ ಅಂದಿನ ಕಾಲಕ್ಕೆ ಎದೆಗಾರಿಕೆಯದು. ಗಣಪತ್ ಎಂಬ ಪೊಲೀಸ್ ಪೇದೆ ಒಂದು ಅಡ್ಡೆಯ ಮೇಲೆ ದಾಳಿ ನಡೆದಾಗ ಮೈನಾ ಎಂಬ ವೇಶ್ಯೆಯನ್ನು ಬಂಧನದಿಂದ ಉಳಿಸುತ್ತಾನೆ. ಇಬ್ಬರಲ್ಲಿ ಒಲವು ಹುಟ್ಟುತ್ತದೆ. ಅವನು ಅವಳನ್ನು ಮನೆಗೆ, ತಾಯಿಯ ಬಳಿಗೆ ಕರೆದೊಯ್ಯಬಯಸುತ್ತಾನೆ. ಆ ಹೊಸಿಲನ್ನು ದಾಟುವ ಧೈರ್ಯ ಅವಳಿಗೆ ಸಾಲುವುದಿಲ್ಲ. ಕಡೆಗೆ ತನ್ನನ್ನು ಕಾಡುತ್ತಿದ್ದ ಸೋದರಮಾವನನ್ನು ಅವಳೇ ಕೊಲ್ಲುತ್ತಾಳೆ. ಪಾರುಮಾಡುತ್ತೇನೆಂದು ಗಣಪತ್ ಮುಂದೆ ಬಂದರೂ ಒಪ್ಪದೆ ಶಿಕ್ಷೆಗೆ ತಲೆಬಾಗುತ್ತಾಳೆ. ಗಣಪತ್ ಆಗಿ ಶಾಹು ಮೋಡಕ್, ಮೈನಾ ಆಗಿ ಶಾಂತಾ ಹುಬ್ಳಿಕರ್. ಸಂಗೀತ ಮಾಸ್ಟರ್ ಕೃಷ್ಣರಾವ್ ಅವರದು. ‘ದೇವದಾಸ್’ನ ಕಣ್ಣೀರಿಗೆ ಶಾಂತಾರಾಮರು ಕೊಟ್ಟ ಉತ್ತರ ಇದೆಂದು ಚಿತ್ರದ ಇತಿಹಾಸಕಾರರು ಹೇಳುತ್ತ ಬಂದಿದ್ದಾರೆ: ಪ್ರೇಮ ಮುರಿದರೂ ಬದುಕು ಮುರಿಯಬೇಕಿಲ್ಲ ಎಂಬ ಉತ್ತರ.

ಈ ಚಿತ್ರದಲ್ಲಿ ಮೈನಾ ಹಾಡುವ ‘ಕಶಾಲಾ ಉದ್ಯಾಚಿ ಬಾತ್’ ಎಂಬ ಹಾಡು ಚಿತ್ರಕ್ಕಿಂತಲೂ ಹೆಚ್ಚು ಬಾಳಿತು. ನಾಳೆಯ ಮಾತೇಕೆ ಎಂಬುದು ಆ ಶೀರ್ಷಿಕೆಯ ಅರ್ಥ. ಅಡ್ಡೆಗೆ ಬರುವ ಬಗೆಬಗೆಯ ಜನಕ್ಕೆ ತಕ್ಕಂತೆ ಹಾಡಿನಲ್ಲಿ ಬೇರೆ ಬೇರೆ ಭಾರತೀಯ ಭಾಷೆಗಳು ಬಂದು ಹೋಗುತ್ತವೆ. ಅದನ್ನು ಹಾಡಿದಾಕೆ ಸ್ವತಃ ಕನ್ನಡ, ಮರಾಠಿ, ಹಿಂದಿಗಳ ನಡುವೆ ಬಾಳಿದವಳು ಎಂಬುದನ್ನು ನೆನೆದು ಕೇಳಿದರೆ ಆ ಹಾಡು ಬೇರೆಯಾಗಿಯೇ ಕೇಳಿಸುತ್ತದೆ. ಹೊಟ್ಟೆಪಾಡಿಗಾಗಿ ಪರಭಾಷೆಯನ್ನು ಬಾಯಿಗೆ ತಂದುಕೊಳ್ಳುವುದು ಮೈನಾಳ ಪಾತ್ರಕ್ಕೆ ನಟನೆ. ರಾಜಮ್ಮನ ಮಟ್ಟಿಗೆ ಅದು ದಿನನಿತ್ಯದ ದುಡಿಮೆ.

ಇಲ್ಲಿ ಇನ್ನೊಬ್ಬ ಅಭಿನೇತ್ರಿಯನ್ನು ಪಕ್ಕದಲ್ಲಿರಿಸಿ ನೋಡುವುದು ಉಚಿತ. ಲೀಲಾ ಚಿಟ್ಣೀಸರು ಹುಟ್ಟಿದ್ದೂ ಅದೇ ಜಿಲ್ಲೆಯಲ್ಲಿ, ಧಾರವಾಡ ನಗರದಲ್ಲಿ, 1909ರಲ್ಲಿ. ಆದರೆ ಅವರದು ಮರಾಠಿ ಮಾತನಾಡುವ ಸುಶಿಕ್ಷಿತ ಮನೆ. ಅವರು ಪದವೀಧರೆ, ಚಿತ್ರರಂಗ ಅವರನ್ನು ಬರಮಾಡಿಕೊಂಡದ್ದೂ ಆ ಪದವಿಯ ಹೆಗ್ಗಳಿಕೆಯನ್ನು ಸಾರುತ್ತಲೇ. ‘ಕಂಗನ್’, ‘ಬಂಧನ್’, ‘ಝೂಲಾ’ ಚಿತ್ರಗಳಲ್ಲಿ ಅಶೋಕ್ ಕುಮಾರರಿಗೆ ಜೋಡಿಯಾಗಿ ಅವರು ಬಾಂಬೆ ಟಾಕೀಸಿನ ಪ್ರಮುಖ ನಾಯಿಕೆಯಾದರು. 1941ರಲ್ಲಿ, ಅದುವರೆಗೆ ಹಾಲಿವುಡ್ಡಿನ ತಾರೆಯರೇ ಕಾಣಿಸಿಕೊಳ್ಳುತ್ತಿದ್ದ ಲಕ್ಸ್ ಸಾಬೂನಿನ ಜಾಹೀರಾತಿಗೆ ಮುಖವಾದ ಮೊದಲ ಭಾರತೀಯ ತಾರೆ ಎನಿಸಿದರು. ಮುಂದೆ ‘ಆವಾರಾ’, ‘ಗೈಡ್’ ಮುಂತಾದ ಚಿತ್ರಗಳಲ್ಲಿ ಹಿಂದಿ ಪರದೆಯ ತಾಯಿಯಾಗಿ ನೆಲೆಗೊಂಡರು. ‘ಆದ್ಮಿ’ಯಲ್ಲಿ ಮೈನಾ ಮತ್ತು ಪೇದೆ ಒಂದು ಸಿನಿಮಾ ಚಿತ್ರೀಕರಣದ ತಾಣಕ್ಕೆ ಹೋಗಿಬಿಡುವ ದೃಶ್ಯವೊಂದಿದೆ, ಶಾಂತಾರಾಮರು ಅಲ್ಲಿ ಅಣಕಿಸಿದ್ದು ಬಾಂಬೆ ಟಾಕೀಸಿನ ಮರ ಸುತ್ತುವ ಪ್ರೇಮಗೀತೆಗಳನ್ನು. ಧಾರವಾಡ ಜಿಲ್ಲೆಯ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬಳು ಅಣಕಿಸಿದ ಪಾಳಯದಲ್ಲಿಯೂ ಇನ್ನೊಬ್ಬಳು ಅಣಕಕ್ಕೆ ಒಳಗಾದ ಪಾಳಯದಲ್ಲಿಯೂ ತಾರೆಯರಾಗಿದ್ದರು.

ಇಬ್ಬರ ಹೆಸರುಗಳನ್ನು ಹೋಲಿಸಿದಾಗ ಒಂದು ಸಂಗತಿ ಎದ್ದು ತೋರುತ್ತದೆ. ಚಿಟ್ಣೀಸ್ ಎಂಬುದು ಮದುವೆಯಿಂದ ಬಂದ ಮನೆತನದ ಹೆಸರು. ಅದಕ್ಕೆ ಮುಂಚೆ ನಗರಕರ್ ಎಂಬ ತವರಿನ ಹೆಸರೂ ಇತ್ತು. ಬೆನ್ನಿಗೆ ಮನೆತನವಿದ್ದ ಹೆಣ್ಣು ಪರದೆಗೆ ಬಂದಾಗ ಆ ಮನೆತನದ ಹೆಸರನ್ನೇ ತಂದಳು. ಅನಾಥೆಯಾಗಿ ಬೆಳೆದ ರಾಜಮ್ಮನಿಗೆ ಹಾಗೆ ತರಲು ಮನೆತನವಿರಲಿಲ್ಲ. ಊರೇ ಆಕೆಗೆ ಮನೆತನವಾಯಿತು. 1939ರ ನಂತರ ಆಕೆಯೂ ಗೃಹಿಣಿಯಾದರು. ಆದರೆ ಪರದೆಯ ಮೇಲೂ ಜನರ ಬಾಯಲ್ಲೂ ಕಡೆಯವರೆಗೆ ಹುಬ್ಳಿಕರ್ ಆಗಿಯೇ ಉಳಿದರು.

ಊರಿನಿಂದ ಹೆಸರು ಪಡೆಯುವುದು ಹೆಂಗಸರಿಗಷ್ಟೇ ಮೀಸಲಾದ ರೂಢಿಯೇನೂ ಆಗಿರಲಿಲ್ಲ. ಪುಣೆಯಲ್ಲಿ 1953ರಿಂದ ನಡೆದುಬಂದ ಸಂಗೀತ ಮಹೋತ್ಸವ ಯಾರ ಹೆಸರಿನಲ್ಲಿದೆಯೋ ಆ ಸವಾಯಿ ಗಂಧರ್ವರು ಕುಂದಗೋಳದ ರಾಮಭಾವು ಕುಂದಗೋಳಕರ್. ಮನ್ಸೂರಿನ ಮಲ್ಲಿಕಾರ್ಜುನರು ಮನ್ಸೂರರಾದರು. ಗೋವೆಯ ಮಂಗೇಶಿಯ ದೀನಾನಾಥರು ಮಂಗೇಶಕರರಾದರು. ಅವರ ಮಗಳು ಲತಾ ಆ ಹಳ್ಳಿಯ ಹೆಸರನ್ನು ಜಗತ್ತಿಗೆಲ್ಲ ಕೇಳಿಸಿದರು. ಆದರೂ ಹೆಣ್ಣುಮಕ್ಕಳ ವಿಷಯದಲ್ಲಿ ಈ ರೂಢಿಗೆ ಇನ್ನೊಂದು ಭಾರವಿತ್ತು. ಹಾಡುವುದನ್ನೇ ವೃತ್ತಿಯಾಗಿ ಉಳ್ಳ ಎಷ್ಟೋ ಮನೆಗಳಲ್ಲಿ ಹೆಣ್ಣಿಗೆ ತಂದೆಯ ಮನೆತನದ ಹೆಸರನ್ನು ಇಟ್ಟುಕೊಳ್ಳುವ ಅಧಿಕಾರವನ್ನು ಸಮಾಜ ಕೊಡಲಿಲ್ಲ. ಗಂಗೂಬಾಯಿಯವರು ಹಾನಗಲ್ಲಿನ ಹೆಸರನ್ನು ಎತ್ತರಕ್ಕೆ ಒಯ್ದರು. ಅದು ಸಂಗೀತದ ಗೆಲುವಾದಂತೆ ಆ ಕೊರತೆಯನ್ನು ಮೀರಿದ ಗೆಲುವೂ ಹೌದು. ಊರು ಯಾರನ್ನೂ ನಿನ್ನ ತಂದೆ ಯಾರೆಂದು ಕೇಳುವುದಿಲ್ಲ.

ಹಾಲಿವುಡ್ಡಿನಲ್ಲಿ ಇದಕ್ಕೆ ವಿರುದ್ಧವಾದ ಪದ್ಧತಿ ನಡೆದಿತ್ತು. ಅಲ್ಲಿಯ ಸ್ಟುಡಿಯೋಗಳು ತಾರೆಯ ಹೆಸರನ್ನು ಬದಲಿಸುತ್ತಿದ್ದುದು ಆಕೆ ಬಂದ ಮೂಲವನ್ನು ಮರೆಮಾಚುವುದಕ್ಕೆ. ಸ್ಪೇನ್ ಮೂಲದ ನರ್ತಕನ ಮಗಳು ಮಾರ್ಗರೀಟಾ ಕ್ಯಾನ್ಸಿನೋ ಹೆಸರನ್ನೂ ಕೂದಲಿನ ಬಣ್ಣವನ್ನೂ ಹಣೆಯ ಕೂದಲಂಚನ್ನೂ ಬದಲಿಸಿಕೊಂಡು ರೀಟಾ ಹೇವರ್ತ್ ಆದಳು. ಶಾಂತಾರಾಮರ ಪುಣೆಯಲ್ಲಿ ರಾಜಮ್ಮ ಎಂಬ ಕನ್ನಡದ ಹೆಸರು ಮರೆಗೆ ಸರಿಯಿತೆಂಬುದು ನಿಜ. ಆದರೂ ಊರನ್ನು ಅಳಿಸಬೇಕೆಂದು ಯಾರಿಗೂ ತೋರಲಿಲ್ಲ. ಹುಬ್ಬಳ್ಳಿಯಿಂದ ಬಂದವಳೆಂಬುದು ಮಚ್ಚೆಯಾಗದೆ ಗುರುತಾಗಿ ಉಳಿಯಿತು. ಇದು ಮರಾಠಿ ರಂಗಭೂಮಿ ಮತ್ತು ಚಿತ್ರರಂಗದ ಔದಾರ್ಯವೆಂದು ನಾವು ಕೃತಜ್ಞತೆಯಿಂದ ಒಪ್ಪಬೇಕು.

ಆ ಔದಾರ್ಯಕ್ಕೆ ಮಿತಿಯೂ ಇತ್ತು. ಬೀಳಗಿಯ ಇಬ್ಬರು ಅಕ್ಕತಂಗಿಯರ ಕಥೆ ಅದನ್ನು ತೋರಿಸುತ್ತದೆ. ಅಮೀರ್‌ಬಾಯಿ ಮತ್ತು ಗೋಹರ್‌ಬಾಯಿ ಇಬ್ಬರೂ ಊರಿನ ಹೆಸರನ್ನಾಗಲಿ ಜಿಲ್ಲೆಯ ಹೆಸರನ್ನಾಗಲಿ ತೆಗೆದುಕೊಳ್ಳದೆ ನೇರವಾಗಿ ‘ಕರ್ನಾಟಕಿ’ ಎಂದು ಕರೆಸಿಕೊಂಡರು. ಗೋಹರ್ 1938ರಲ್ಲಿ ಬಾಲಗಂಧರ್ವರ ನಾಟಕ ಮಂಡಳಿಯನ್ನು ಸೇರಿದರು. ಸ್ತ್ರೀಪಾತ್ರಗಳಿಂದ ಮಹಾರಾಷ್ಟ್ರವನ್ನೇ ಮರುಳುಗೊಳಿಸಿದ್ದ, ಪ್ರಭಾತ್‌ನ ‘ಧರ್ಮಾತ್ಮಾ’ದಲ್ಲಿ ಏಕನಾಥರಾಗಿ ನಟಿಸಿದ್ದ ಆ ಮಹಾನಟನ ಇಳಿಗಾಲದ ಸಂಗಾತಿ ಈ ಕನ್ನಡ ಮುಸ್ಲಿಂ ಗಾಯಕಿ. ಗಂಧರ್ವರ ಅವನತಿಗೆ ಈಕೆಯೇ ಕಾರಣಳೆಂಬ ದೂಷಣೆ ಮರಾಠಿ ರಸಿಕವರ್ಗದಲ್ಲಿ ಬಹುಕಾಲ ನಡೆಯಿತು. ಸಂಗೀತ ನಾಟಕದ ಯುಗವೇ ವಾಕ್ಚಿತ್ರದ ಮುಂದೆ ಕುಸಿಯುತ್ತಿದ್ದಾಗ, ಮಂಡಳಿಯ ಸಾಲ ಬೆಳೆದು ನಿಂತಿದ್ದಾಗ, ಹೊರಗಿನಿಂದ ಬಂದ ಹೆಣ್ಣಿನ ಮೇಲೆ ತಪ್ಪು ಹೊರಿಸುವುದು ಎಲ್ಲಕ್ಕಿಂತ ಸುಲಭವಾಗಿತ್ತು. ಗೋಹರ್ 1964ರಲ್ಲಿ ತೀರಿಕೊಂಡರು. ಗಂಧರ್ವರು 1967ರಲ್ಲಿ ಪುಣೆಯಲ್ಲಿ. ಮರುವರ್ಷ ತೆರೆದ ರಂಗಮಂದಿರಕ್ಕೆ ಗಂಧರ್ವರ ಹೆಸರು ಬಂತು. ಅಲ್ಲಿ ನಾಟಕ ನೋಡಲು ಹೋಗುವ ಕನ್ನಡಿಗರಾದರೂ ಗೋಹರ್ ಕರ್ನಾಟಕಿಯನ್ನು ಒಮ್ಮೆ ನೆನೆಯಬೇಕೆಂದು ನಮ್ಮ ಆಸೆ.

ಅಮೀರ್‌ಬಾಯಿಯ ದಾರಿ ಮುಂಬಯಿಯ ಹಿಂದಿ ಚಿತ್ರಗಳದು. 1934ರಲ್ಲಿ ‘ವಿಷ್ಣುಭಕ್ತಿ’ಯಿಂದ ಆರಂಭಿಸಿದ ಅವರು ಗಾಯಕಿಯಾಗಿ ಹೆಸರಿನ ತುದಿ ಮುಟ್ಟಿದ್ದು 1943ರ ‘ಕಿಸ್ಮತ್’ ಚಿತ್ರದಲ್ಲಿ. ಅನಿಲ್ ಬಿಸ್ವಾಸರ ಸಂಗೀತದ ಆ ಚಿತ್ರ ಕಲ್ಕತ್ತೆಯ ಒಂದೇ ಮಂದಿರದಲ್ಲಿ ಮೂರು ವರ್ಷಕ್ಕೂ ಮಿಕ್ಕು ಓಡಿತು. ಮುಮ್ತಾಜ್ ಶಾಂತಿಯ ತುಟಿಗಳಿಗೆ ದನಿಯಾದವರು ಬೀಳಗಿಯ ಈ ಹೆಣ್ಣುಮಗಳು. ‘ಕನ್ನಡ ಕೋಕಿಲೆ’ ಎಂಬ ಬಿರುದು ಅವರ ಹೆಸರಿಗೆ ಅಂಟಿತು. ವಿಜಾಪುರದಲ್ಲಿ ‘ಅಮೀರ್ ಟಾಕೀಸ್’ ಎಂಬ ಚಿತ್ರಮಂದಿರವನ್ನು ಕಟ್ಟಿಸಿ ಗಳಿಕೆಯ ಪಾಲನ್ನು ತವರಿನ ನೆಲಕ್ಕೆ ತಂದರು. ನಲವತ್ತರ ದಶಕದ ಕೊನೆಗೆ ಹೊಸ ಕಂಠಗಳು ಬಂದಾಗ ಅವರು ಸಣ್ಣ ಪಾತ್ರಗಳ ನಟಿಯಾಗಿ ಉಳಿದು 1965ರಲ್ಲಿ ಕಣ್ಣುಮುಚ್ಚಿದರು.

ಈ ಇಸವಿಗಳನ್ನು ಓದುಗರು ಒಂದು ಕ್ಷಣ ಗಮನಿಸಬೇಕು. ಅಕ್ಕತಂಗಿಯರು ‘ಕರ್ನಾಟಕಿ’ ಎಂದು ಕರೆಸಿಕೊಳ್ಳತೊಡಗಿದಾಗ ಕರ್ನಾಟಕ ಎಂಬ ರಾಜ್ಯವೇ ಇರಲಿಲ್ಲ. 1956ರ ನವೆಂಬರ್ 1ರಂದು ಕನ್ನಡ ಪ್ರದೇಶಗಳು ಒಂದಾದಾಗಲೂ ರಾಜ್ಯದ ಹೆಸರು ಮೈಸೂರು ಎಂದೇ ಇತ್ತು. ಅದು ಕರ್ನಾಟಕವಾದದ್ದು 1973ರ ನವೆಂಬರ್ 1ರಂದು. ಅಷ್ಟು ಹೊತ್ತಿಗೆ ಗೋಹರ್ ತೀರಿಕೊಂಡು ಒಂಬತ್ತು ವರ್ಷ, ಅಮೀರ್‌ಬಾಯಿ ತೀರಿಕೊಂಡು ಎಂಟು ವರ್ಷ ಕಳೆದಿತ್ತು. ಗ್ರಾಮಫೋನ್ ತಟ್ಟೆಗಳ ಮೇಲೆ, ಚಿತ್ರಗಳ ಹೆಸರುಪಟ್ಟಿಯಲ್ಲಿ, ಗೋಡೆಗೆ ಹಚ್ಚಿದ ಚಿತ್ರಪಟಗಳಲ್ಲಿ ಇವರು ಕರ್ನಾಟಕವನ್ನು ಬರೆಸಿದ ಕಾಲದಲ್ಲಿ ಸರ್ಕಾರದ ಯಾವ ನಕ್ಷೆಯಲ್ಲಿಯೂ ಆ ಹೆಸರಿನ ರಾಜ್ಯವಿರಲಿಲ್ಲ.

ಅದರಗುಂಚಿಯ ವಿಷಯದಲ್ಲಿಯೂ ಇಂಥದೇ ಒಂದು ಕಾಕತಾಳೀಯವಿದೆ. ಏಕೀಕರಣದ ಇತಿಹಾಸ ಓದಿದವರಿಗೆ ಆ ಹಳ್ಳಿಯ ಹೆಸರು ಚೆನ್ನಾಗಿ ಗೊತ್ತು: 1953ರಲ್ಲಿ ಅದರಗುಂಚಿ ಶಂಕರಗೌಡ ಪಾಟೀಲರು ಕರ್ನಾಟಕ ಏಕೀಕರಣಕ್ಕಾಗಿ ಕೈಗೊಂಡ ಉಪವಾಸ ಹುಬ್ಬಳ್ಳಿಯನ್ನೇ ಅಲುಗಿಸಿತು. ನಾಡು ಒಂದಾಗಲೆಂದು ಅನ್ನ ಬಿಟ್ಟ ಗಂಡಸು ನಮ್ಮ ಪಠ್ಯಗಳಲ್ಲಿ ನ್ಯಾಯವಾಗಿಯೇ ನೆಲೆಯಾಗಿದ್ದಾರೆ. ಅನ್ನ ಹುಡುಕಿಕೊಂಡು ಅದೇ ಹಳ್ಳಿಯಿಂದ ಹೊರಟ ಹೆಣ್ಣಿಗೆ ಆ ಪಠ್ಯಗಳಲ್ಲಿ ಜಾಗವಾಗಲಿಲ್ಲ.

ಮರೆವಿಗೆ ಕಾರಣ ಯಾರ ದ್ವೇಷವೂ ಅಲ್ಲವೆಂದು ನಮಗೆ ತೋರುತ್ತದೆ. ಎಣಿಕೆಯ ಪದ್ಧತಿಯಲ್ಲಿಯೇ ಕಾರಣವಿದೆ. ಚಲನಚಿತ್ರದ ಇತಿಹಾಸವನ್ನು ನಾವು ಚಿತ್ರದ ಭಾಷೆಯಿಂದ ಎಣಿಸುತ್ತೇವೆ. ‘ಸತಿ ಸುಲೋಚನಾ’ದಿಂದ ಕನ್ನಡದ ಪಟ್ಟಿ, ‘ಅಯೋಧ್ಯೇಚಾ ರಾಜಾ’ದಿಂದ ಮರಾಠಿಯ ಪಟ್ಟಿ. ಮೂವತ್ತರ ದಶಕದಲ್ಲಿ ತೆರೆಕಂಡ ಕನ್ನಡ ವಾಕ್ಚಿತ್ರಗಳು ಬೆರಳೆಣಿಕೆಯವು. ಕನ್ನಡದ ಹಾಡುಗಾರ್ತಿ ಆ ಪಟ್ಟಿಯೊಳಗೇ ಇದ್ದು ಬದುಕುವುದು ಸಾಧ್ಯವಿರಲಿಲ್ಲ. ಶಾಂತಾ ಹುಬ್ಳಿಕರ್ ನಮ್ಮ ಪಟ್ಟಿಗೆ ಬರುವುದು 1942ರಲ್ಲಿ, ಗುಬ್ಬಿ ವೀರಣ್ಣನವರ ‘ಜೀವನ ನಾಟಕ’ ಚಿತ್ರದಲ್ಲಿ ನಟಿಸಿದಾಗ. ಅ.ನ. ಕೃಷ್ಣರಾಯರು ಸಂಭಾಷಣೆ ಬರೆದ ಆ ಚಿತ್ರದಲ್ಲಿ ಕೆಂಪರಾಜ ಅರಸು, ಬಿ. ಜಯಮ್ಮ ಮುಂತಾದವರೊಡನೆ ಪ್ರಭಾತ್‌ನ ತಾರೆ ತನ್ನ ತಾಯ್ನುಡಿಯಲ್ಲಿ ಮಾತನಾಡಿದರು. ಬಳಿಕ ಮತ್ತೆ ಮರಾಠಿ, ಹಿಂದಿ. ಹೀಗೆ ಮರಾಠಿಯ ಇತಿಹಾಸದಲ್ಲಿ ಅವರು ಕನ್ನಡದಿಂದ ಬಂದವರು, ಕನ್ನಡದ ಇತಿಹಾಸದಲ್ಲಿ ಮರಾಠಿಗೆ ಹೋದವರು.

ತಾರೆಯ ಬದುಕಿನ ಇನ್ನೊಂದು ಸತ್ಯವನ್ನೂ ಮುಚ್ಚಿಡಬಾರದು. ಪ್ರಭಾತ್‌ನಂಥ ಸ್ಟುಡಿಯೋಗಳಲ್ಲಿ ಕಲಾವಿದರು ತಿಂಗಳ ಸಂಬಳದ ನೌಕರರು. ಕರಾರು ಮುಗಿದರೆ ಸಂಬಂಧವೂ ಮುಗಿಯಿತು. 1942ರಲ್ಲಿ ಶಾಂತಾರಾಮರು ಪ್ರಭಾತ್ ಬಿಟ್ಟರು. ಹತ್ತು-ಹನ್ನೊಂದು ವರ್ಷಗಳಲ್ಲಿ ಕಂಪನಿಯೇ ಮುಚ್ಚಿತು. 1960ರಲ್ಲಿ ಆ ಆವರಣ ಸರ್ಕಾರದ ಚಲನಚಿತ್ರ ಶಿಕ್ಷಣ ಸಂಸ್ಥೆಗೆ ನೆಲೆಯಾಯಿತು. 1964ರಲ್ಲಿ ಪುಣೆಯಲ್ಲಿಯೇ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವೂ ಸ್ಥಾಪನೆಯಾಯಿತು. ಚಿತ್ರಗಳ ಸುರುಳಿಗಳನ್ನು ತೇವದಿಂದ, ಬೆಂಕಿಯಿಂದ ಕಾಪಾಡುವ ವ್ಯವಸ್ಥೆ ನಮ್ಮಲ್ಲಿ ಹೀಗೆ ಹುಟ್ಟಿತು. ಸುರುಳಿಯೊಳಗೆ ನಕ್ಕವರನ್ನು, ಅತ್ತವರನ್ನು ಮುಪ್ಪಿನಲ್ಲಿ ಕಾಪಾಡುವ ವ್ಯವಸ್ಥೆ ಹಾಗೆ ಬೇರೂರಲಿಲ್ಲ. ಅಮೆರಿಕದಲ್ಲಿ ಮೇರಿ ಪಿಕ್‌ಫರ್ಡ್, ಚಾಪ್ಲಿನ್ ಮೊದಲಾದವರು 1921ರಲ್ಲಿಯೇ ಚಿತ್ರರಂಗದ ನೊಂದವರಿಗಾಗಿ ಪರಿಹಾರ ನಿಧಿಯನ್ನು ಕಟ್ಟಿದ್ದರು. ಅದರ ಫಲವಾಗಿ 1942ರಲ್ಲಿ ಲಾಸ್ ಏಂಜಲೀಸಿನ ವುಡ್‌ಲ್ಯಾಂಡ್ ಹಿಲ್ಸ್‌ನಲ್ಲಿ ವೃದ್ಧ ಕಲಾವಿದರಿಗೂ ತಂತ್ರಜ್ಞರಿಗೂ ಒಂದು ವಸತಿಧಾಮ ತೆರೆಯಿತು. ಪ್ರಭಾತ್ ಒಡೆದ ವರ್ಷವೂ ಅದೇ.

ಶಾಂತಾ ಹುಬ್ಳಿಕರರ ಮುಪ್ಪು ಸುಖದ್ದಾಗಿರಲಿಲ್ಲ. ಪತಿಯ ಮರಣದ ಬಳಿಕ ಅವರು ಕೆಲಕಾಲ ಮಹಿಳಾಶ್ರಮವೊಂದರ ಆಸರೆಯಲ್ಲಿ ಕಳೆದರು. ಒಂದು ಕಾಲಕ್ಕೆ ಬೀದಿಬೀದಿಯಲ್ಲಿ ಗುನುಗಿದ ಹಾಡಿನ ಒಡತಿ ಇನ್ನೂ ಬದುಕಿದ್ದಾರೆಂಬುದೇ ಬಹುಮಂದಿಗೆ ತಿಳಿಯದ ಕಾಲವೊಂದಿತ್ತು. 1990ರಲ್ಲಿ, ಎಪ್ಪತ್ತಾರರ ವಯಸ್ಸಿನಲ್ಲಿ, ಅವರ ಮರಾಠಿ ಆತ್ಮಕಥೆ ಪ್ರಕಟವಾಯಿತು. ಅದಕ್ಕೆ ಅವರು ಕೊಟ್ಟ ಹೆಸರು ಆ ಹಾಡಿನದೇ: ‘ಕಶಾಲಾ ಉದ್ಯಾಚಿ ಬಾತ್’. ಇಪ್ಪತ್ತೈದರ ಹರೆಯದಲ್ಲಿ ಪಾತ್ರದ ಬಾಯಿಂದ ಹಾಡಿದಾಗ ನಾಳೆಯ ಮಾತೇಕೆಂಬುದು ಮೋಜಿನ ಮಾತಾಗಿತ್ತು. ಐವತ್ತು ವರ್ಷಗಳ ನಂತರ, ಆ ನಾಳೆಯೆಲ್ಲ ಬಂದು ಹೋದ ಮೇಲೆ, ಅದೇ ಮಾತನ್ನು ತನ್ನ ಬದುಕಿನ ಮೇಲೆ ತಾನೇ ಬರೆದುಕೊಳ್ಳಲು ಎಂಥ ಎದೆಗಟ್ಟಿ ಬೇಕು! 1992ರ ಜುಲೈ 17ರಂದು ಅವರು ಪುಣೆಯಲ್ಲಿ ತೀರಿಕೊಂಡರು. ಲೀಲಾ ಚಿಟ್ಣೀಸರೂ ‘ಚಂದೇರಿ ದುನಿಯೇತ್’ ಎಂಬ ಆತ್ಮಕಥೆಯನ್ನು ಮರಾಠಿಯಲ್ಲಿ ಬರೆದರು. 2003ರಲ್ಲಿ ಅಮೆರಿಕದ ಕನೆಕ್ಟಿಕಟ್ ರಾಜ್ಯದ ಡ್ಯಾನ್‌ಬರಿಯಲ್ಲಿ ಅವರ ಬದುಕು ಮುಗಿಯಿತು. ಹುಟ್ಟಿದ ನೆಲದಿಂದ ಇಬ್ಬರೂ ದೂರದಲ್ಲಿಯೇ ಮಣ್ಣಾದರು.

ಅಮೀರ್‌ಬಾಯಿಯ ಮಟ್ಟಿಗೆ ಕನ್ನಡ ತನ್ನ ಋಣವನ್ನು ಒಂದಿಷ್ಟು ತೀರಿಸಿದೆ. ರಹಮತ್ ತರೀಕೆರೆಯವರು ಊರೂರು ಅಲೆದು, ನೆನಪುಗಳನ್ನು ಹೆಕ್ಕಿ, ಆಕೆಯ ಬದುಕನ್ನು ಕನ್ನಡದಲ್ಲಿ ಪುಸ್ತಕವಾಗಿಸಿದರು. ಒಬ್ಬ ಬರಹಗಾರ ಮನಸ್ಸು ಮಾಡಿದರೆ ಅರ್ಧ ಶತಮಾನದ ಮರೆವನ್ನು ಸರಿಸಬಹುದೆಂಬುದಕ್ಕೆ ಆ ಕೃತಿ ಸಾಕ್ಷಿ. ಶಾಂತಾ ಹುಬ್ಳಿಕರ್, ಗೋಹರ್ ಕರ್ನಾಟಕಿ ಇವರಿಗೂ ಅಂಥ ಪರಿಶ್ರಮ ಸಲ್ಲಬೇಕು. ಅದನ್ನು ಮಾಡಲು ಪುಣೆಯ ಕನ್ನಡಿಗರಿಗಿಂತ ಅನುಕೂಲ ಇನ್ನಾರಿಗಿದೆ? ಪ್ರಭಾತ್‌ನ ಅಂಗಳ ಇಲ್ಲಿದೆ, ಸಂಗ್ರಹಾಲಯ ಇಲ್ಲಿದೆ, ಮರಾಠಿ ಪತ್ರಿಕೆಗಳ ಹಳೆಯ ಸಂಚಿಕೆಗಳು ಇಲ್ಲಿಯ ಗ್ರಂಥಾಲಯಗಳಲ್ಲಿವೆ, ಮರಾಠಿಯನ್ನು ಓದಬಲ್ಲ, ಕನ್ನಡದಲ್ಲಿ ಬರೆಯಬಲ್ಲ ಮಂದಿ ನಮ್ಮ ನಡುವೆಯೇ ಇದ್ದಾರೆ.

ಈ ಕೆಲಸವನ್ನು ನಾವು ವಾರಸುದಾರಿಕೆಯ ಜಗಳವಾಗಿ ಮಾಡಬೇಕಿಲ್ಲ.  ಶಾಂತಾ ಹುಬ್ಳಿಕರರನ್ನು ಮರಾಠಿಯಿಂದ ಕಿತ್ತು ಕನ್ನಡಕ್ಕೆ ನೆಡಲು ಹೊರಟರೆ ಅವರ ಹೆಸರನ್ನೇ ಮುರಿದಂತಾದೀತು. ಆ ಹೆಸರಿನ ಊರು ನಮ್ಮದು, ಪ್ರತ್ಯಯ ಪುಣೆಯದು. ಅವರ ಕಲೆಗೆ ಅನ್ನವಿಟ್ಟದ್ದೂ ಪುಣೆಯೇ. ನಾವು ಕೇಳಬೇಕಾದದ್ದು ಇಷ್ಟು: ಎರಡು ನುಡಿಗಳ ನಡುವೆ ಬಾಳಿದವರನ್ನು ಎರಡೂ ನುಡಿಗಳು ತಮ್ಮವರೆಂದು ನೆನೆಯಲಿ.

ಹಾಗೆ ಕೇಳುವಾಗ ನಮ್ಮ ಮನೆಗಳ ಮಾತನ್ನೂ ನಾವು ಆಡುತ್ತಿರುತ್ತೇವೆ. ವಿಮಾನ ನಗರದ ನಮ್ಮ ಮಕ್ಕಳು ಶಾಲೆಯಲ್ಲಿ ಮರಾಠಿ ಕಲಿಯುತ್ತಾರೆ, ಆಟದಲ್ಲಿ ಹಿಂದಿ ಆಡುತ್ತಾರೆ, ಅಜ್ಜಿಯೊಡನೆ ಫೋನಿನಲ್ಲಿ ಕನ್ನಡ ಮಾತನಾಡುತ್ತಾರೆ. ನಾಳೆ ಅವರಲ್ಲಿ ಯಾರಾದರೂ ಮರಾಠಿಯಲ್ಲಿ ಒಂದು ಒಳ್ಳೆಯ ನಾಟಕ ಬರೆದರೆ ಅವರನ್ನು ಯಾವ ಪಟ್ಟಿಯಲ್ಲಿ ಸೇರಿಸುತ್ತೇವೆ? ಹುಬ್ಳಿಕರ್, ಕುಂದಗೋಳಕರ್, ಕರ್ನಾಟಕಿ ಎಂಬ ಹೆಸರುಗಳಿಗೆ ಕನ್ನಡದ ಪುಟಗಳಲ್ಲಿ ಇಂದು ನಾವು ಮಾಡಿಕೊಡುವ ಜಾಗವೇ ಆ ಪ್ರಶ್ನೆಗೆ ನಮ್ಮ ಉತ್ತರವಾದೀತು.